ಮಕ್ಕಳ ಕೈಗೊಂದು ಮುದ್ದೆ ಹಿಟ್ಟು

ಜೂನ್ ತಿಂಗಳಲ್ಲಿ ಎಲ್‌ಕೆಜಿ, ಯುಕೆಜಿ ಮಕ್ಕಳ ಮನೆಗೆ ಶಾಲೆಯಿಂದ ಬರುವ ಸಾಮಾನಿನ ಪಟ್ಟಿ ಉದ್ದವಾಗುತ್ತಲೇ ಇದೆ. ಬಣ್ಣದ ಪೆನ್ಸಿಲ್, ಗ್ಲೇಜ್ ಕಾಗದ, ಅಂಟು, ಮೊಂಡು ತುದಿಯ ಕತ್ತರಿ, ಅವುಗಳ ನಡುವೆ ಎಲ್ಲೋ ಒಂದು ಕಡೆ ‘ಕ್ಲೇ, ಎರಡು ಡಬ್ಬಿ’. ಉಳಿದದ್ದನ್ನು ಅಂಗಡಿಯಿಂದಲೇ ತರಬೇಕು, ಒಪ್ಪೋಣ. ಆ ಎರಡು ಡಬ್ಬಿಯನ್ನು ಮಾತ್ರ ಪಟ್ಟಿಯಿಂದ ಧೈರ್ಯವಾಗಿ ಹೊಡೆದುಹಾಕಬಹುದು. ಮೈದಾ, ಉಪ್ಪು, ಎಣ್ಣೆ, ನಿಂಬೆಹಣ್ಣು, ಒಂದಿಷ್ಟು ಕುದಿನೀರು ಇದ್ದರೆ ಮನೆಯಲ್ಲೇ ಆಟದ ಹಿಟ್ಟು ತಯಾರು. ಬಾಣಲೆಗೆ ಸುರಿದು, ತಳ ಹಿಡಿಯದಂತೆ ಕೈಯಾಡಿಸುತ್ತ ಒಲೆಯ ಮುಂದೆ ನಿಲ್ಲುವ ಕೆಲಸವೂ ಇಲ್ಲ.

ಇದರಿಂದ ದುಡ್ಡು ಉಳಿಯುತ್ತದೆ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆಯೇ ಇದೆ. ಅಂಗಡಿಯ ಡಬ್ಬಿ ಮಗುವಿಗೆ ಆಟದ ಎರಡನೆಯ ಅರ್ಧವನ್ನಷ್ಟೇ ಕೊಡುತ್ತದೆ. ಪುಡಿ ನೀರು ಕುಡಿಯುವುದು, ಬೆರಳಿಗೆ ಮೆತ್ತಿಕೊಳ್ಳುವುದು, ನಾದಿದಂತೆ ನಾದಿದಂತೆ ಹದಕ್ಕೆ ಬರುವುದು, ಈ ಮೊದಲರ್ಧ ಕಾರ್ಖಾನೆಯಲ್ಲೇ ಮುಗಿದುಹೋಗಿರುತ್ತದೆ.

ಅಳತೆ ಸುಲಭ. ಎರಡು ಲೋಟ ಮೈದಾಕ್ಕೆ ಅರ್ಧ ಲೋಟ ಪುಡಿ ಉಪ್ಪು, ಎರಡು ದೊಡ್ಡ ಚಮಚ ಅಡುಗೆ ಎಣ್ಣೆ, ಅಷ್ಟೇ ನಿಂಬೆರಸ. ಎಲ್ಲವನ್ನೂ ಬೋಗುಣಿಯಲ್ಲಿ ಬೆರೆಸಿ, ಒಂದರಿಂದ ಒಂದೂವರೆ ಲೋಟದಷ್ಟು ಕುದಿಯುವ ನೀರನ್ನು ಸ್ವಲ್ಪ ಸ್ವಲ್ಪವೇ ಹೊಯ್ಯುತ್ತ ಸೌಟಿನ ಹಿಡಿಯಿಂದ ತಿರುವಬೇಕು. ಲೋಟ ಯಾವುದಾದರೂ ಸರಿ, ಎಲ್ಲದಕ್ಕೂ ಅದೇ ಇರಲಿ. ಬಿಸಿ ಆರುವವರೆಗೆ ಹಿಟ್ಟು ಅಂಟಂಟಾಗಿಯೇ ಇರುತ್ತದೆ; ಅದನ್ನು ಕಂಡು ಗಾಬರಿಯಾಗಿ ಇನ್ನಷ್ಟು ಮೈದಾ ಸುರಿಯುವುದೇ ಬಹುಪಾಲು ಜನ ಎಡವುವ ಜಾಗ. ಆರಿದ ಮೇಲೆ ಐದು ನಿಮಿಷ ನಾದಿದರೆ ಅಂಟು ತಾನಾಗಿ ಬಿಡುತ್ತದೆ.

ಬೇಯಿಸುವುದಿಲ್ಲ ಎಂದಮೇಲೆ ಕುದಿನೀರು ಏಕೆ? ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಈ ಪ್ರಶ್ನೆಗೆ ವಿವರಣೆ ಬೇಕಿಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟು ಇಲ್ಲ. ತಣ್ಣೀರಲ್ಲಿ ಕಲಸಿ ರೊಟ್ಟಿ ಬಡಿದರೆ ಅಂಚು ಬಿರಿಯುತ್ತದೆ. ಎಸರು ಹೊಯ್ದರೆ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ. ಮೈದಾಕ್ಕೆ ಬಿದ್ದ ಕುದಿನೀರು ಅದೇ ಕೆಲಸ ಮಾಡುವುದಲ್ಲದೆ, ಗ್ಲುಟೆನ್ ಎಂಬ ಗೋಧಿಯ ಅಂಟಿನ ಬಿಗಿಯನ್ನೂ ಮುರಿಯುತ್ತದೆ. ಪರೋಟದ ಹಿಟ್ಟನ್ನು ಎಳೆದರೆ ಹಿಂದಕ್ಕೆ ಸೇದುತ್ತದಲ್ಲ, ಆಟದ ಹಿಟ್ಟೂ ಹಾಗೆ ಮಾಡಿದರೆ ಮಗು ಎಳೆದು ನಿಲ್ಲಿಸಿದ ಆನೆಯ ಸೊಂಡಿಲು ನೋಡನೋಡುತ್ತ ಮೋಟಾಗುತ್ತದೆ. ಅಷ್ಟು ಪ್ರಮಾಣದ ಉಪ್ಪೂ ಆ ಎಳೆತವನ್ನು ತಗ್ಗಿಸುತ್ತದೆ. ಜೊತೆಗೆ ನೀರು ಬೂಷ್ಟಿಗೆ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆ ಬಿರುಕು ತಡೆಯುತ್ತದೆ. ತಣ್ಣೀರಿನಲ್ಲೇ ಕಲಸುವವರೂ ಇದ್ದಾರೆ. ಹಿಟ್ಟು ಆಗುತ್ತದೆ, ಆದರೆ ಒರಟು, ಬೇಗ ಒಣಗುತ್ತದೆ.

ನಿಂಬೆರಸದ ಜಾಗದಲ್ಲಿ ವಿದೇಶಿ ವಿಡಿಯೊಗಳಲ್ಲಿ ಕಾಣುವ ‘ಕ್ರೀಮ್ ಆಫ್ ಟಾರ್ಟಾರ್’ ವೈನ್ ಪೀಪಾಯಿಗಳ ಒಳಗೆ ಕಟ್ಟುವ ಹರಳಿನಿಂದ ತೆಗೆಯುವ ಹುಳಿಪುಡಿ. ಬೆಂಗಳೂರಿನಲ್ಲಿ ಬೇಕರಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಸಿಂದಗಿಯಲ್ಲೋ ಸಾಗರದಲ್ಲೋ ಅದಕ್ಕಾಗಿ ಅಲೆಯಬೇಕಿಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಹುಣಸೆಹಣ್ಣಿನ ಹುಳಿಯ ಮೂಲ. ಹುಣಸೆ ಕಿವುಚಿದರೆ ಹಿಟ್ಟು ಕಂದಾಗುತ್ತದೆ, ಹಾಗಾಗಿ ನಿಂಬೆಯೇ ಮೇಲು.

ಇಂದು ಜಗತ್ತಿನಾದ್ಯಂತ ಮಾರಾಟವಾಗುವ ‘ಪ್ಲೇ-ಡೋ’ ಕೂಡ ಆಟಿಕೆಯಾಗಿ ಹುಟ್ಟಿದ್ದಲ್ಲ. ಅಮೆರಿಕದ ಸಿನ್ಸಿನಾಟಿಯಲ್ಲಿ ಕುಟಾಲ್ ಎಂಬ ಸಾಬೂನು ಕಂಪನಿ 1930ರ ದಶಕದಲ್ಲಿ ಗೋಡೆಕಾಗದ ಒರೆಸುವ ಕಣಕವೊಂದನ್ನು ತಯಾರಿಸುತ್ತಿತ್ತು. ಚಳಿಗೆ ಕಲ್ಲಿದ್ದಲು ಉರಿಸುತ್ತಿದ್ದ ಮನೆಗಳ ಗೋಡೆಗೆ ಮಸಿ ಕಟ್ಟುತ್ತಿತ್ತು, ಕಾಗದವನ್ನು ನೀರಿನಿಂದ ತೊಳೆಯುವಂತಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಮನೆಗಳಿಗೆ ಗ್ಯಾಸ್ ಬಂತು, ತೊಳೆಯಬಹುದಾದ ವಿನೈಲ್ ಗೋಡೆಕಾಗದವೂ ಬಂತು. ಕಂಪನಿಗೆ ಕಷ್ಟಕಾಲ. ಆಗ ಅದನ್ನು ನಡೆಸುತ್ತಿದ್ದ ಜೋ ಮೆಕ್‌ವಿಕರ್ ಅವರ ನಾದಿನಿ ಕೇ ಜುಫಾಲ್ ಶಿಶುವಿಹಾರದ ಶಿಕ್ಷಕಿ. ಎಳೆಯ ಬೆರಳಿಗೆ ಜೇಡಿಮಣ್ಣು ಗಡುಸಾಗುತ್ತದೆಂದು ಕಂಡಿದ್ದ ಆಕೆ, ಈ ಕಣಕವನ್ನು ಮಕ್ಕಳ ಕೈಗಿತ್ತು ಕ್ರಿಸ್‌ಮಸ್ ಅಲಂಕಾರಗಳನ್ನು ಮಾಡಿಸಿದರು. 1956ರಲ್ಲಿ ಅದೇ ಸರಕು ಹೊಸ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಹೆಸರೂ ಆಕೆಯ ಕಡೆಯಿಂದಲೇ ಬಂದದ್ದು. ಕಂಪನಿಯ ಪ್ರಯೋಗಾಲಯಕ್ಕೆ ಹೊಳೆಯದ್ದು ಮಕ್ಕಳ ನಡುವೆ ದಿನ ಕಳೆಯುವ ಶಿಕ್ಷಕಿಗೆ ಹೊಳೆಯಿತು.

1960ರಲ್ಲಿ ಈ ಹಿಟ್ಟನ್ನು ಎಳೆಎಳೆಯಾಗಿ ಒತ್ತಿ ತೆಗೆಯುವ ಪ್ಲಾಸ್ಟಿಕ್ ಯಂತ್ರವನ್ನೂ ಕಂಪನಿ ಮಾರಿತು. ಕನ್ನಡದ ಮನೆಗಳಲ್ಲಿ ಅದು ಅಟ್ಟದ ಮೇಲಿದೆ. ಅದರ ಹೆಸರು ಚಕ್ಕುಲಿ ಒರಳು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಮಣ್ಣಿರುವಾಗ ಹಿಟ್ಟೇಕೆ? ಧಾರವಾಡ, ಗದಗ, ವಿಜಯಪುರದ ಕಡೆ ಕಾರ ಹುಣ್ಣಿಮೆ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಕೆರೆಯ ಮಣ್ಣು ತಂದು ಎತ್ತು ಮಾಡುತ್ತಾರೆ. ಕೋಡು, ಹಿಣಿಲು, ಮುಂದೊಂದು ಗೋದಲಿ. ಆಷಾಢದ ಮಂಗಳವಾರಗಳಂದು ಮಣ್ಣಿನಲ್ಲೇ ಮಾಡಿದ ಗುಳ್ಳವ್ವ ಕೂರುತ್ತಾಳೆ. ಅಂಥ ಮಣ್ಣು ಕೈಗೆಟಕುವ ಊರಿನಲ್ಲಿ ಮೈದಾ ಕಲಸಿ ಕೂರುವುದು ನಿಜಕ್ಕೂ ಪೆದ್ದುತನ. ಆದರೆ ಪೇಟೆಯ ಅಪಾರ್ಟ್‌ಮೆಂಟಿನ ಮಗುವಿಗೆ ಸಿಗುವ ಮಣ್ಣೆಂದರೆ ಕಟ್ಟಡದ ಪಕ್ಕದ್ದು. ಅದರಲ್ಲಿ ಸಿಮೆಂಟು, ಮೊಳೆ, ಗಾಜಿನ ಚೂರು. ಹಳ್ಳಿಗಳಲ್ಲೂ ಈಗ ಎತ್ತಿನ ಜೋಡಿ ಸಂತೆಯಲ್ಲಿ ಸಿದ್ಧವಾಗಿ ಸಿಗುತ್ತದೆ, ಕೊಂಡು ತಂದು ಪೂಜೆಗಿಟ್ಟರೆ ಮುಗಿಯಿತು. ಮಗುವಿನ ಬೆರಳಿಗೆ ಕೆಲಸವಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಅನ್ನದಂತೆಯೇ ಕಾಣುವ ಹಿಟ್ಟನ್ನು ಆಡಿ ಬಿಸಾಡುವುದೇ ಎಂದು ಅಜ್ಜಿ ಕೇಳಿದರೆ ಆ ಮಾತನ್ನು ನಕ್ಕು ತಳ್ಳಿಹಾಕಬಾರದು. ಉಂಡ ತಟ್ಟೆಯಲ್ಲಿ ಅಗುಳು ಬಿಡಬೇಡ ಎಂದು ಕಲಿಸುವ ಮನೆ, ಮಧ್ಯಾಹ್ನ ಅದೇ ಮಗುವಿನ ಮುಂದೆ ಮೈದಾ ಸುರಿಯುವುದರಲ್ಲಿ ಇರುಸುಮುರುಸು ಇದ್ದೇ ಇದೆ. ಇದಕ್ಕಿರುವ ಉತ್ತರ ಲೆಕ್ಕದ್ದು. ಕಾಲು ಕೆಜಿ ಮೈದಾ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಒಂದೆರಡು ವಾರ, ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಹೆಚ್ಚು ದಿನ ಆಡಲು ಸಿಗುತ್ತದೆ. ಹಬ್ಬ ಮುಗಿದ ಮೇಲೆ ಡಬ್ಬಿಯ ತಳದಲ್ಲಿ ಉಳಿದು ಹಳತಾದ ಮೈದಾ ಇದಕ್ಕೆ ಸಾಕು, ಜರಡಿ ಹಿಡಿದರಾಯಿತು. ಇಷ್ಟಾಗಿಯೂ ಅಜ್ಜಿಗೆ ಒಪ್ಪಿಗೆಯಾಗದಿದ್ದರೆ, ಚಪಾತಿ ಕಲಸುವಾಗ ಒಂದು ಚಿಕ್ಕ ಉಂಡೆ ಮಗುವಿನ ಕೈಗಿಡುವ ಹಳೆಯ ದಾರಿ ಇದ್ದೇ ಇದೆ.

ಮನೆಯಲ್ಲೇ ಮಾಡಿದ್ದು, ಎಲ್ಲವೂ ಅಡುಗೆಮನೆಯದ್ದೇ, ಆದ್ದರಿಂದ ಬಾಯಿಗೆ ಹೋದರೂ ಚಿಂತೆಯಿಲ್ಲ ಎಂಬ ಮಾತು ಮಾತ್ರ ಅಪಾಯದ್ದು. ಮೇಲಿನ ಅಳತೆಯಲ್ಲಿ ಹಿಟ್ಟಿನ ತೂಕದ ಐದರಲ್ಲೊಂದು ಪಾಲು ಉಪ್ಪು. ನಿಂಬೆಗಾತ್ರದ, ಅಂದರೆ ಸುಮಾರು 40 ಗ್ರಾಂನ ಉಂಡೆಯಲ್ಲಿ 8 ಗ್ರಾಂ ಉಪ್ಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಇಡೀ ದಿನಕ್ಕೆ ಹೇಳುವ ಮಿತಿ 5 ಗ್ರಾಂಗಿಂತ ಕಡಿಮೆ. ಹೆಚ್ಚಿನ ಮಕ್ಕಳು ಒಮ್ಮೆ ನೆಕ್ಕಿ ಮುಖ ಸಿಂಡರಿಸಿ ಬಿಡುತ್ತಾರೆ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಒಂದೂವರೆ ವರ್ಷದ ಕೂಸಿನ ಕೈಗೆ ಇದನ್ನು ಕೊಡಲೇಬಾರದು. ಮನೆಯಲ್ಲಿ ನಾಯಿ ಇದ್ದರೆ ಡಬ್ಬಿ ಎತ್ತರದಲ್ಲಿರಲಿ. ಉಪ್ಪಿನ ಹಿಟ್ಟು ತಿಂದು ನಾಯಿಗಳ ಜೀವಕ್ಕೆ ಕುತ್ತು ಬಂದದ್ದುಂಟು.

ಹಸಿ ಹಿಟ್ಟಿನದೂ ಒಂದು ತಕರಾರಿದೆ. ಅಮೆರಿಕದಲ್ಲಿ 2016ರಲ್ಲಿ ಮೈದಾದಿಂದ ಇ-ಕೊಲೈ ಸೋಂಕು ಹರಡಿದಾಗ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಮಕ್ಕಳಿಗೆ ಹಸಿ ಕಣಕವನ್ನು ಆಡಲು ಕೊಡಬೇಡಿ ಎಂದೇ ಎಚ್ಚರಿಸಿತು. ಕುದಿನೀರು ಹೊಯ್ದ ಮಾತ್ರಕ್ಕೆ ಹಿಟ್ಟೆಲ್ಲ ಬೆಂದಂತಲ್ಲ. ಆಟವಾದ ಮೇಲೆ ಸೋಪು ಹಾಕಿ ಕೈ ತೊಳೆಸುವುದು, ಹಿಟ್ಟು ಬಾಯಿಗೆ ಹೋಗದಂತೆ ಪಕ್ಕದಲ್ಲಿ ಕೂರುವುದು ಕಡ್ಡಾಯ. ಆ ಭಯ ಬಿಡದವರು ಒಲೆಯ ಮೇಲೆ ಬೇಯಿಸಿಯೇ ಮಾಡಲಿ, ಅದರಲ್ಲಿ ಸೋಲೇನಿಲ್ಲ. ಗೋಧಿ ಆಗದ ಮಕ್ಕಳಿಗೆ ಅಕ್ಕಿಹಿಟ್ಟು. ಅಂಗಡಿಯ ಪ್ಲೇ-ಡೋದಲ್ಲೂ ಗೋಧಿ ಇರುತ್ತದೆಂಬುದು ಅನೇಕ ಪೋಷಕರಿಗೆ ಗೊತ್ತಿಲ್ಲ. ಕುದಿನೀರು ಹೊಯ್ಯುವ ಕೆಲಸವಂತೂ ಎಂದೆಂದಿಗೂ ದೊಡ್ಡವರದ್ದೇ.

ಬಣ್ಣದ ವಿಷಯಕ್ಕೆ ಬಂದರೆ, 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ, ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ್ದು ನೆನಪಿರಬಹುದು; ಬಟ್ಟೆಗೆ ಹಾಕುವ ರೋಡಮೈನ್-ಬಿ ಮಕ್ಕಳ ಮಿಠಾಯಿಯಲ್ಲಿ ಸಿಕ್ಕಿತ್ತು. ಹೀಗಿರುವಾಗ ರಂಗೋಲಿ ಪುಡಿ, ಹೋಳಿ ಬಣ್ಣ, ಪ್ಯಾಕೆಟ್ಟಿನ ಕುಂಕುಮ ಇವ್ಯಾವುವೂ ಬೋಗುಣಿಯ ಹತ್ತಿರ ಸುಳಿಯಕೂಡದು. ಅರಿಶಿನ, ಬೀಟ್‌ರೂಟ್ ರಸ, ಶಂಖಪುಷ್ಪದ ಹೂ ಸಾಕು. ಇಲ್ಲಿಯೇ ಆಟ ರಂಗೇರುವುದು. ಶಂಖಪುಷ್ಪದ ನೀಲಿ ನೀರಿಗೆ ನಿಂಬೆರಸ ಬಿದ್ದರೆ ನೇರಳೆ. ಅರಿಶಿನ ಹಾಕಿ, ಹುಳಿ ಹಾಕದೆ ಬಿಟ್ಟ ಒಂದು ಉಂಡೆಗೆ ಚಿಟಿಕೆ ಅಡುಗೆ ಸೋಡಾ ನಾದಿದರೆ ಹಳದಿ ಕೆಂಪಗೆ ತಿರುಗುತ್ತದೆ, ಆರತಿಯ ಓಕುಳಿಯಲ್ಲಿ ಸುಣ್ಣ ಮಾಡುವ ಕೆಲಸವೇ ಅದು. ಪಾಲಕ್ ರಸ ಮಾತ್ರ ಮೋಸ. ಹುಳಿ ತಾಗಿದೊಡನೆ ಮಂಕಾಗುತ್ತದೆ. ಬೀಟ್‌ರೂಟಿನ ಕೆಂಪೂ ಬಹಳ ದಿನ ನಿಲ್ಲದು. ಅಂಗಡಿಯ ಹಿಟ್ಟಿನಷ್ಟು ಗಾಢ ಬಣ್ಣ ಬರಲಿಲ್ಲವೆಂದು ದೊಡ್ಡವರು ಬೇಸರಪಡುತ್ತಾರೆಯೇ ಹೊರತು ಮಕ್ಕಳಲ್ಲ.

ದೊಡ್ಡವರ ಇನ್ನೊಂದು ಕಾಟವೆಂದರೆ ‘ಏನು ಮಾಡ್ತಿದ್ದೀಯಾ ಪುಟ್ಟಾ?’ ಎಂಬ ಪ್ರಶ್ನೆ. ಮೂರು ವರ್ಷದ ಮಗು ಏನನ್ನೂ ಮಾಡುತ್ತಿರುವುದಿಲ್ಲ. ಒತ್ತುತ್ತದೆ, ಹರಿಯುತ್ತದೆ, ತೂತು ಕೊರೆಯುತ್ತದೆ, ಮತ್ತೆ ಮುದ್ದೆ ಮಾಡುತ್ತದೆ. ಆ ಒತ್ತುವಿಕೆಯಲ್ಲೇ ಅಂಗೈಯ, ಬೆರಳಿನ ಸಣ್ಣ ಸ್ನಾಯುಗಳು ಬಲಿಯುವುದು. ನಾಲ್ಕು ಗೆರೆ ಪುಸ್ತಕದಲ್ಲಿ ಅಕ್ಷರ ಕೂರಿಸಲು ಎಲ್‌ಕೆಜಿಯಲ್ಲೇ ಅವಸರಪಡುವ ಶಾಲೆಗಳು, ಪೆನ್ಸಿಲ್ ಹಿಡಿಯುವ ಬೆರಳಿಗೆ ಮೊದಲು ಈ ಕಸುವು ಬೇಕೆಂಬುದನ್ನು ಮರೆತಂತಿವೆ. ಹೃದಯದಾಕಾರದ ಅಚ್ಚು, ನಕ್ಷತ್ರದ ಅಚ್ಚು ಕೊಟ್ಟು ಒತ್ತಿಸಿ, ಫೋಟೊ ತೆಗೆದು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ‘ಆ್ಯಕ್ಟಿವಿಟಿ’ಯಿಂದ ಮಗುವಿನ ಕೈಗೆ ದಕ್ಕುವುದು ಅಷ್ಟಕ್ಕಷ್ಟೆ. ಮಣೆ, ಲಟ್ಟಣಿಗೆ, ಒಂದು ಹಳೆಯ ಬಾಚಣಿಗೆ, ಗುಂಡಿಗಳನ್ನು ಮುಂದಿಟ್ಟು ದೊಡ್ಡವರು ಕೈಕಟ್ಟಿ ಕೂರುವುದು ಮೇಲು. ಕೂರುವುದು ಕಷ್ಟ, ಅದು ನಿಜ.

ಕರಾವಳಿಯವರಿಗೆ ಒಂದು ಮಾತು: ಮಳೆಗಾಲದಲ್ಲಿ ಉಪ್ಪು ಗಾಳಿಯ ತೇವ ಹೀರಿ ಹಿಟ್ಟು ಬೆವರುತ್ತದೆ. ಒಂದು ಚಮಚ ಒಣ ಮೈದಾ ನಾದಿದರೆ ಸರಿಹೋಗುತ್ತದೆ. ವಾಸನೆ ಬಂದರೆ, ಬೂಷ್ಟು ಕಂಡರೆ ಉಳಿಸಿಕೊಳ್ಳುವ ಆಸೆ ಬೇಡ.

ಈ ಹಿಟ್ಟು ಹೆಚ್ಚು ಸಲ್ಲಬೇಕಾದ ಜಾಗ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಶುರುವಾದ ಈ ವ್ಯವಸ್ಥೆ ಕರ್ನಾಟಕದಲ್ಲಿ ಐವತ್ತು ವರ್ಷ ದಾಟಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತವಾಗಿ ಕಂಡಿತು. 2022ರಲ್ಲಿ ಬಂದ ಆ ಹಂತದ ಪಠ್ಯಕ್ರಮ ಚೌಕಟ್ಟು ಆಟವನ್ನೇ ನಡುವಿಗಿಟ್ಟು ಮಾತಾಡುತ್ತದೆ. ಕಾಗದದ ಮೇಲೆ ಎಲ್ಲವೂ ಸರಿಯಿದೆ. ಅಂಗನವಾಡಿಗೆ ಬರುವ ಆಟಿಕೆಯ ಕಿಟ್ ಮಾತ್ರ ಕಳೆದುಹೋದರೆ, ಮುರಿದರೆ ಲೆಕ್ಕ ಕೊಡಬೇಕಾದ ಸಾಮಗ್ರಿ. ಹಾಗಾಗಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಕಾರ್ಯಕರ್ತೆಯನ್ನು ದೂರುವಂತಿಲ್ಲ. ಹಿಟ್ಟಿಗೆ ಆ ಭಯವಿಲ್ಲ, ಅದು ಮುಗಿಯಲೆಂದೇ ಮಾಡಿದ್ದು. ಅರ್ಧ ಕೆಜಿ ಮೈದಾ, 300 ಗ್ರಾಂ ಉಪ್ಪು, ನಾಲ್ಕು ಚಮಚ ಎಣ್ಣೆ, ಎರಡು ಮೂರು ನಿಂಬೆಹಣ್ಣಿನಿಂದ ಇಪ್ಪತ್ತು ಮಕ್ಕಳಿಗೆ ತಲಾ 70 ಗ್ರಾಂನಷ್ಟು ಉಂಡೆ ಸಿಗುತ್ತದೆ. ಖರ್ಚು ನೂರು ರೂಪಾಯಿ ಮುಟ್ಟದು. ನೀರು ಕಾಯಿಸಲು ಅಲ್ಲಿ ಒಲೆ ಇದೆ, ಸಹಾಯಕಿ ಇದ್ದಾರೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಇದಕ್ಕೆಂದು ಇನ್ನೊಂದು ಟೆಂಡರ್ ಕರೆಯುವ ಉಸಾಬರಿಗೆ ಹೋಗದೆ, ಪ್ರತಿ ಕೇಂದ್ರಕ್ಕೂ ತಿಂಗಳಿಗೆ ಇಷ್ಟು ಸಾಮಾನನ್ನು ಊರಿನಲ್ಲೇ ಕೊಳ್ಳುವ ಅಧಿಕಾರ ಕೊಟ್ಟರೆ ಆಯಿತು. ಲೆಕ್ಕ ಕೇಳುವ ಮೇಲ್ವಿಚಾರಕಿಗೆ ಕಿರಾಣಿ ಅಂಗಡಿಯ ಚೀಟಿ ಸಾಕಾಗಬೇಕು.