ಕೊಟ್ಟ ಕೈಗೆ ಲೆಕ್ಕ ಕಾಣಲಿ

ಸುಗ್ಗಿ ಮುಗಿಸಿ ದಾಸೋಹಕ್ಕೆ ಜೋಳದ ಚೀಲ ತಂದ ರೈತನು, ಒಲೆ ಉರಿಯುವುದನ್ನೂ ಮಕ್ಕಳು ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದನ್ನೂ ಕಣ್ಣಾರೆ ಕಂಡು ಮರಳುತ್ತಾನೆ. ಅವನಿಗೆ ಬೇರೆ ವರದಿ ಬೇಕಿಲ್ಲ. ಆದರೆ ಇಂದು ಹಲವರ ದಾನವು ಮೊಬೈಲ್ ಮೂಲಕ ಸಲ್ಲುತ್ತಿದೆ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿಯೂ ಇಲ್ಲ. ದೂರದಿಂದ ಕೊಟ್ಟವರಿಗೆ ಒಲೆಯೂ ಕಾಣದು, ಪಂಕ್ತಿಯೂ ಕಾಣದು.

ಈ ಕೊರತೆಯನ್ನು ತುಂಬಲು ಹಲವು ಸೇವಾಸಂಸ್ಥೆಗಳು ತಮ್ಮ ಜಾಲತಾಣಗಳಲ್ಲಿ ಅಳುವ ಮಗುವಿನ ಮುಖವನ್ನು ಮುಂದಿಡುತ್ತವೆ. ಕನಿಕರದಿಂದ ಒಮ್ಮೆ ಹಣ ಬರಬಹುದು; ಆದರೆ ಆ ಮಗುವಿನ ಮಾನಕ್ಕೆ ಬೆಲೆ ಕಟ್ಟುವವರು ಯಾರು?

ಬೇರೊಂದು ದಾರಿಯೂ ಉಂಟು. 2006ರಲ್ಲಿ ನ್ಯೂಯಾರ್ಕಿನಲ್ಲಿ ಸ್ಕಾಟ್ ಹ್ಯಾರಿಸನ್ ಸ್ಥಾಪಿಸಿದ 'ಚಾರಿಟಿ: ವಾಟರ್' ಸಂಸ್ಥೆಯು ಬಡ ದೇಶಗಳಲ್ಲಿ ಕುಡಿಯುವ ನೀರಿಗಾಗಿ ದುಡಿಯುತ್ತಿದೆ. ಸಾರ್ವಜನಿಕರ ದಾನವೆಲ್ಲವೂ ನೀರಿನ ಕಾಮಗಾರಿಗೇ ಸಲ್ಲುತ್ತದೆ. ಕಚೇರಿಯ ವೆಚ್ಚವನ್ನು ಬೇರೆ ದಾನಿಗಳು ಭರಿಸುತ್ತಾರೆ. ಮುಗಿದ ಕಾಮಗಾರಿಯ ಸ್ಥಳವನ್ನು ನಕಾಶೆಯಲ್ಲಿ ಚಿತ್ರಸಹಿತ ತೋರಿಸಲಾಗುತ್ತದೆ. 2010ರಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯದ ಹಳ್ಳಿಯೊಂದರಲ್ಲಿ ಕೊಳವೆಬಾವಿ ಕೊರೆಯುವ ಪ್ರಯತ್ನ ವಿಫಲವಾದಾಗ, ಸಂಸ್ಥೆ ಅದನ್ನು ಬಚ್ಚಿಡಲಿಲ್ಲ. ಸೋತ ದೃಶ್ಯವನ್ನೇ ದಾನಿಗಳಿಗೆ ತೋರಿಸಿತು. ಬತ್ತಿದ ಕೊಳವೆಬಾವಿಯ ನೋವನ್ನು ಬಲ್ಲ ನಮ್ಮ ನಾಡಿನವರಿಗೆ ಆ ಪ್ರಾಮಾಣಿಕತೆಯ ಬೆಲೆಯನ್ನು ವಿವರಿಸಬೇಕಿಲ್ಲ.

ಇದರಿಂದ ನಮ್ಮ ಮಠಗಳೂ ವಿದ್ಯಾಸಂಸ್ಥೆಗಳೂ ಕಲಿಯಬೇಕಾದುದು ಬಣ್ಣದ ಪುಟವಿನ್ಯಾಸವನ್ನಲ್ಲ. ಒಬ್ಬ ವಿದ್ಯಾರ್ಥಿಯ ಒಂದು ತಿಂಗಳ ಪ್ರಸಾದಕ್ಕೆ ತಗಲುವ ವೆಚ್ಚವೆಷ್ಟು, ಕಳೆದ ವರ್ಷ ಬಂದುದೆಷ್ಟು, ವ್ಯಯವಾದುದೆಷ್ಟು, ಅಂದುಕೊಂಡ ಯಾವ ಕಾರ್ಯ ಉಳಿಯಿತು ಎಂಬುದನ್ನು ಹಳ್ಳಿಯ ಹಿರಿಯರಿಗೂ ತಿಳಿಯುವ ಕನ್ನಡದಲ್ಲಿ ಪ್ರಕಟಿಸಬೇಕು. ರಸೀದಿ ತಡವಿಲ್ಲದೆ ತಲುಪಬೇಕು. ನೂರು ರೂಪಾಯಿ ಕೊಟ್ಟವರಿಗೂ ಲಕ್ಷ ಕೊಟ್ಟವರಿಗೂ ಅದೇ ಲೆಕ್ಕ ಕಾಣಬೇಕು. ಚಿತ್ರ ಬೇಕಿದ್ದರೆ ತುಂಬಿದ ಪಂಕ್ತಿ, ಪಾಠಶಾಲೆ, ಅಡುಗೆಮನೆಯ ಚಿತ್ರವಿರಲಿ. ಮಗುವಿನ ಹೆಸರು, ಮನೆಯ ಬಡತನ ಜಾಹೀರಾತಾಗುವುದು ಬೇಡ.

ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವ ನುಸುಳಬಹುದು. ಬಸವಾದಿ ಶರಣರ ದಾಸೋಹದಲ್ಲಿ ಅದಕ್ಕೆ ಎಡೆಯಿಲ್ಲ; ಅಲ್ಲಿ ಕೊಡುವವನೇ ಸೇವಕನು. ಹಾಗಿರುವಾಗ ಪಡೆಯುವವರನ್ನು ದೀನರಾಗಿ ತೋರಿಸಿ ದಾಸೋಹ ನಡೆಸುವುದು ಸಲ್ಲದು. ಭಕ್ತರ ಕಾಯಕದ ಹಣಕ್ಕೆ ಲೆಕ್ಕ ಒಪ್ಪಿಸುವುದು ಸಂಸ್ಥೆಯ ಔದಾರ್ಯವಲ್ಲ, ಅದರ ಕರ್ತವ್ಯ. ಭಕ್ತರೂ ಸಂಕೋಚವಿಲ್ಲದೆ ಲೆಕ್ಕ ಕೇಳಲಿ ಎಂಬುದು ನಮ್ಮ ಆಶಯ.