ಸಂಗೀತಕ್ಕೆ ಅಂಕ ಬೇಡ, ಹೊತ್ತು ಕೊಡಿ



ಕಳೆದ ವಾರ ಬರ್ಮಿಂಗ್‌ಹ್ಯಾಮಿನಿಂದ ನನ್ನ ತಮ್ಮನ ಮಗ ದೂರವಾಣಿ ಮಾಡಿದ್ದ. ಅವನ ಮಗಳು ಪಿಟೀಲಿನಲ್ಲಿ ಎಂಟನೆಯ ಗ್ರೇಡಿನ ಪರೀಕ್ಷೆ ಬರೆಯಲಿದ್ದಾಳೆ. “ದೊಡ್ಡಪ್ಪ, ಡಿಸ್ಟಿಂಕ್ಷನ್ ಬಂದರೆ ವಿಶ್ವವಿದ್ಯಾಲಯದ ಅರ್ಜಿಗೆ 30 ಪಾಯಿಂಟು ಸೇರುತ್ತದೆ. ನಮ್ಮಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂದು ವರ್ಷಗಟ್ಟಲೆ ದುಡಿದ ಮಕ್ಕಳಿಗೆ ಏನು ಸಿಗುತ್ತದೆ? ನೀವು ಮೇಷ್ಟ್ರುಗಳು ಯಾಕೆ ದನಿಯೆತ್ತಲಿಲ್ಲ?” ಎಂದು ಕೇಳಿದ. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅಂತಹ ಪಾಯಿಂಟು ನಮಗೆ ಬೇಡ ಎಂಬುದೇ ನನ್ನ ವಾದ.

ಮೊದಲು ಅಲ್ಲಿಯ ವ್ಯವಸ್ಥೆಯನ್ನು ನೋಡೋಣ. ಬ್ರಿಟನ್ನಿನಲ್ಲಿ ಪದವಿ ತರಗತಿಯ ಅರ್ಜಿಗಳು ಯೂಕಾಸ್ ಎಂಬ ಸಂಸ್ಥೆಯ ಮೂಲಕ ಹೋಗುತ್ತವೆ. ಅದರ ಪಾಯಿಂಟುಗಳ ಪಟ್ಟಿಯಲ್ಲಿ ಮಾನ್ಯ ಸಂಗೀತ ಮಂಡಳಿಗಳ 6, 7 ಮತ್ತು 8ನೆಯ ಗ್ರೇಡುಗಳಿಗೂ ಸ್ಥಾನವುಂಟು. ಎಂಟನೆಯ ಗ್ರೇಡಿನ ವಾದನ ಪರೀಕ್ಷೆಯಲ್ಲಿ ತೇರ್ಗಡೆಯಾದರೆ 18, ಮೆರಿಟ್ ಬಂದರೆ 24, ಡಿಸ್ಟಿಂಕ್ಷನ್ ಬಂದರೆ 30. ಎ ಲೆವೆಲ್ಲಿನ ಒಂದು ವಿಷಯದಲ್ಲಿ ‘ಸಿ’ ಶ್ರೇಣಿಗೆ 32 ಎಂಬುದನ್ನು ನೆನೆದರೆ ಇದು ಅಲ್ಪವಲ್ಲ. ಆದರೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳು ಪ್ರವೇಶಕ್ಕೆ ಈ ಪಾಯಿಂಟುಗಳನ್ನು ಕೂಡಿಸುವುದೇ ಇಲ್ಲ. ಅವು ಕೇಳುವುದು ಎ ಲೆವೆಲ್ಲಿನ ಶ್ರೇಣಿಗಳನ್ನು. ಪಾಯಿಂಟುಗಳ ಲೆಕ್ಕದಲ್ಲಿ ಸೀಟು ಕೊಡುವ ಕಡೆ ಮಾತ್ರ ಈ ನಾಣ್ಯ ಚಲಾವಣೆಯಾಗುತ್ತದೆ.

ನನ್ನ ಮೊದಲ ಆಕ್ಷೇಪ ಸಂಗೀತದ ಪರವಾಗಿ. ಯಾವ ವಿದ್ಯೆಗೆ ಅಂಕ ಅಂಟಿತೋ ಆ ವಿದ್ಯೆ ಪಠ್ಯಕ್ರಮದ ಅಳತೆಗೆ ಕುಗ್ಗುತ್ತದೆ. ನಾನು ನೌಕರಿಯಲ್ಲಿದ್ದಾಗ ಸಂಗೀತ ಪರೀಕ್ಷೆಗಳನ್ನು ನಡೆಸುತ್ತಿದ್ದುದು ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ನಡೆಸುತ್ತಿದ್ದ ಮಂಡಳಿಯೇ. ಅದರ ಶಾಸ್ತ್ರ ಪತ್ರಿಕೆಗೆ ನಾನು ಹಲವು ಸಲ ಮೇಲ್ವಿಚಾರಕನಾಗಿದ್ದೆ. ರಾಗಲಕ್ಷಣವನ್ನು ಆರೋಹಣ ಅವರೋಹಣ ಸಮೇತ ಒಂದಕ್ಷರ ತಪ್ಪದೆ ಬರೆದ ಹುಡುಗನೊಬ್ಬನನ್ನು ಹೊರಗೆ ಬಂದ ಮೇಲೆ “ಎಲ್ಲಿ, ಅದನ್ನು ಸ್ವಲ್ಪ ಗುನುಗಪ್ಪ” ಎಂದೆ. ಅವನು ನಗುತ್ತಾ “ಅದು ಪ್ರಾಕ್ಟಿಕಲ್‌ನಲ್ಲಿ ಇಲ್ಲ ಸಾರ್” ಎಂದ. ಯಾವ ಸೀಟಿನ ಆಸೆಯೂ ಇಲ್ಲದಿದ್ದ ಕಾಲದ ಮಾತಿದು. ಇಂಜಿನಿಯರಿಂಗ್ ಸೀಟನ್ನೇ ಮುಂದಿಟ್ಟರೆ ಏನಾದೀತು? ಬೀದಿಗೊಂದು ಕೋಚಿಂಗ್ ಕೇಂದ್ರ ಏಳುತ್ತದೆ. ಆರು ತಿಂಗಳಲ್ಲಿ ಸೀನಿಯರ್ ಗ್ಯಾರಂಟಿ ಎಂಬ ಫಲಕ ನೇತಾಡುತ್ತದೆ. ಶಾಲಾ ಕಲೋತ್ಸವದ ಸಾಧನೆಗೆ ಕೃಪಾಂಕ ಕೊಡುವ ಕೇರಳದಲ್ಲಿ ತೀರ್ಪಿನ ವಿರುದ್ಧ ಮೇಲ್ಮನವಿಗಳು ನ್ಯಾಯಾಲಯದ ಬಾಗಿಲಿನವರೆಗೂ ಹೋಗಿವೆ.

ಎರಡನೆಯ ಆಕ್ಷೇಪ ನ್ಯಾಯದ ಪರವಾಗಿ. ಪಾಯಿಂಟು ಸಿಗುವುದು ವಿದ್ಯೆಗಲ್ಲ, ಪ್ರಮಾಣಪತ್ರಕ್ಕೆ. ಗುರುಗಳಿಗೆ ಸಂಬಳ, ವಾದ್ಯ, ಪರೀಕ್ಷಾ ಶುಲ್ಕ ಇವನ್ನು ಭರಿಸಬಲ್ಲ ಮನೆಯ ಮಗುವಿಗೆ ಅದು ದೊರೆಯುತ್ತದೆ. ದೇವಸ್ಥಾನದಲ್ಲಿ ತಂದೆಯ ಪಕ್ಕ ಕುಳಿತು ನಾಗಸ್ವರ ಕಲಿತ ಹುಡುಗನ ಕೈಯಲ್ಲಿ, ಯಕ್ಷಗಾನ ಮೇಳದ ಹಿಂದೆ ಸುತ್ತಿ ಚೆಂಡೆ ಕಲಿತವನ ಕೈಯಲ್ಲಿ ಯಾವ ಕಾಗದವಿದೆ?

“ಸಿಇಟಿಯಲ್ಲಿ ಕ್ರೀಡಾಪಟುಗಳಿಗೆ, ಎನ್‌ಸಿಸಿಯವರಿಗೆ ಮೀಸಲು ಸೀಟುಗಳಿಲ್ಲವೇ? ಸಂಗೀತ ಮಾಡಿದ ಪಾಪವೇನು?” ಎಂದು ನೀವು ಕೇಳಬಹುದು. ಗಟ್ಟಿಯಾದ ಪ್ರಶ್ನೆ. ಮದರಾಸಿನ ಐಐಟಿ 2025-26ರಿಂದ ಪ್ರತಿಯೊಂದು ಪದವಿ ವಿಭಾಗದಲ್ಲೂ ಲಲಿತಕಲೆ ಮತ್ತು ಸಂಸ್ಕೃತಿಯ ಸಾಧಕರಿಗೆಂದು ಎರಡು ಹೆಚ್ಚುವರಿ ಸೀಟುಗಳನ್ನಿಟ್ಟಿದೆ, ಅವುಗಳಲ್ಲೊಂದು ಹೆಣ್ಣುಮಕ್ಕಳಿಗೆ. ಆದರೆ ಜೆಇಇ ಅಡ್ವಾನ್ಸ್ಡ್‌ನ ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಇರಲೇಬೇಕು. ಇತರರ ಸೀಟನ್ನು ಕಸಿಯದ ಈ ಏರ್ಪಾಡಿನ ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ಅದು ತಲುಪುವುದು ಎರಡನ್ನೂ ಕೊನೆಯವರೆಗೆ ಸಾಧಿಸಿದ ಕೆಲವೇ ಮಂದಿಯನ್ನು. ನಮ್ಮ ಮಕ್ಕಳು ಸಂಗೀತವನ್ನು ಬಿಡುವುದು ಅದಕ್ಕಿಂತ ಎಷ್ಟೋ ಮೊದಲು, ಹತ್ತನೆಯ ತರಗತಿಯಲ್ಲಿ. ಬಿಡಿಸುವವರು ನಾವು.

ನಾವು ಎಂದೆನಲ್ಲ, ನಾನೂ ಅದರಲ್ಲಿ ಸೇರಿದ್ದೇನೆ. 1997ರಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳು ಸೀನಿಯರ್ ಮುಗಿಸಿ ವಿದ್ವತ್ತಿಗೆ ಸಿದ್ಧಳಾಗುತ್ತಿದ್ದಳು. ಶಾಲೆಯ ಪ್ರಾರ್ಥನೆಯಲ್ಲಿ ಅವಳು ಶ್ರುತಿ ಹಿಡಿದರೆ ಗಲಾಟೆಯ ಹುಡುಗರೂ ಸುಮ್ಮನಾಗುತ್ತಿದ್ದರು. ಸಿಇಟಿ ಬಂದು ಮೂರು ವರ್ಷವಾಗಿತ್ತು. ಎಲ್ಲರ ಬಾಯಲ್ಲೂ ಅದೇ ಮಾತು. ಅವಳ ತಂದೆ ನನ್ನ ಸಲಹೆ ಕೇಳಲು ಬಂದರು. “ಪಿಯುಸಿ ಮುಗಿಯುವವರೆಗೆ ಎರಡು ವರ್ಷ ನಿಲ್ಲಿಸಿ, ಆಮೇಲೆ ಮುಂದುವರಿಸಬಹುದು” ಎಂದೆ. ನನಗೆ ಅದು ವಿವೇಕದ ಮಾತಾಗಿ ತೋರಿತ್ತು. ಅವಳು ಇಂಜಿನಿಯರ್ ಆದಳು, ಸುಖವಾಗಿದ್ದಾಳೆ. ಕೆಲವು ವರ್ಷಗಳ ಹಿಂದೆ ಮನೆಗೆ ಬಂದಿದ್ದಾಗ ನನ್ನ ಹೆಂಡತಿ ಒಂದು ಹಾಡು ಹೇಳಮ್ಮಾ ಎಂದಳು. ಎರಡು ಸಾಲಿಗೆ ನಿಲ್ಲಿಸಿ, “ಎರಡು ವರ್ಷ ಅಂದಿದ್ದಿರಿ ಸಾರ್, ಆಮೇಲೆ ಸಾಧ್ಯವೇ ಆಗಲಿಲ್ಲ” ಎಂದಳು. ಆ ದನಿಯಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಅವಳಿಗೆ ಬೇಕಾಗಿದ್ದುದು 30 ಪಾಯಿಂಟಲ್ಲ. ದಿನಕ್ಕೊಂದು ಗಂಟೆ, ಮತ್ತು ಆ ಗಂಟೆ ದಂಡವಲ್ಲ ಎಂದು ಹೇಳುವ ಒಬ್ಬ ಮೇಷ್ಟ್ರು. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬಂತೆ ನಾವು ಅಂಕವನ್ನೂ ಬಿಡಲಾರೆವು, ಸಂಗೀತವನ್ನೂ ಹೊಗಳದೆ ಇರಲಾರೆವು. ಎರಡನ್ನೂ ಗಂಟು ಹಾಕಿದರೆ ಅಂಕ ಉಳಿದು ಸಂಗೀತ ಸಾಯುತ್ತದೆ.

ಸಂಗೀತವನ್ನೇ ಓದಲು ಅರ್ಜಿ ಹಾಕುವವರ ಮಾತು ಬೇರೆ. ಅಲ್ಲಿ ವಿದ್ವತ್ತಿನಂತಹ ಅರ್ಹತೆಗೆ ಪೂರ್ಣ ಬೆಲೆ ಸಿಗಬೇಕು. ಕಾಗದವಿಲ್ಲದವನನ್ನೂ ಕೂರಿಸಿ ಕೇಳಬೇಕು. ಮೈಸೂರಿನ ನಮ್ಮ ಸಂಗೀತ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆ? ಗಂಗೂಬಾಯಿ ಹಾನಗಲ್ ಅವರು ಶಾಲೆಯಲ್ಲಿ ಓದಿದ್ದು ಪ್ರಾಥಮಿಕ ಹಂತದವರೆಗೆ ಮಾತ್ರ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಹೆಸರಿನ ಹಿಂದಿನ ‘ಡಾ.’ ವಿದ್ಯಾಸಂಸ್ಥೆಗಳೇ ಅವರ ಬಳಿಗೆ ತಂದ ಗೌರವ.

ಮಗೂ, ನಿನ್ನ ಮಗಳಿಗೆ 30 ಪಾಯಿಂಟು ಬರಲಿ, ಸಂತೋಷ. ಆದರೆ ಫಲಿತಾಂಶ ಬಂದ ಮಾರನೆಯ ದಿನವೂ ಅವಳು ಪಿಟೀಲಿನ ಪೆಟ್ಟಿಗೆ ತೆರೆಯುತ್ತಾಳೆಯೇ ಎಂದು ನೋಡಿ ನನಗೆ ತಿಳಿಸು. ಹತ್ತನೆಯ ತರಗತಿಯ ಮಕ್ಕಳಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದೇ ಬಿನ್ನಹ: ‘ಎರಡು ವರ್ಷ ನಿಲ್ಲಿಸು’ ಎಂದು ನಿಮ್ಮ ಮೇಷ್ಟ್ರು ಹಿಂದೊಮ್ಮೆ ಹೇಳಿದ್ದು ತಪ್ಪು. ಅದನ್ನು ನಿಮ್ಮ ಮಕ್ಕಳಿಗೆ ಹೇಳಬೇಡಿ.