ದಯೆಗೊಂದು ದರಪಟ್ಟಿಯುಂಟೆ?



ಕುಮಟಾ ತಾಲೂಕಿನ ಮಿರ್ಜಾನದ ತಾಯಿಯೊಬ್ಬರು ಕಳೆದ ಮಳೆಗಾಲದಲ್ಲಿ ನಮ್ಮ ಮುಂದಿಟ್ಟ ಪ್ರಶ್ನೆಯೊಂದು ಇಂದಿನ ಚಿಂತನೆಗೆ ಕಾರಣವಾಗಿದೆ. ಅವರ ಮನೆಯಲ್ಲಿ ಐದು ತಿಂಗಳ ಬೆಕ್ಕಿನ ಮರಿಯೊಂದಿತ್ತು. ಭಾನುವಾರ ಅನ್ನ ಬಿಟ್ಟಿತು. ಸೋಮವಾರ ವಾಂತಿ, ಭೇದಿ ಆರಂಭವಾಯಿತು. ಮಂಗಳವಾರ ನೀರಿನ ಬಟ್ಟಲ ಮುಂದೆ ತಲೆ ತಗ್ಗಿಸಿ ಕುಳಿತಿತು, ಕುಡಿಯಲಿಲ್ಲ. ಕುಮಟೆಯ ಪಶುವೈದ್ಯರು ನೋಡಿ, ಇದು ಬೆಕ್ಕುಗಳ ಪಾರ್ವೊ ರೋಗದಂತೆ ಕಾಣುತ್ತದೆ, ಒಳರೋಗಿಯಾಗಿ ಇಟ್ಟುಕೊಳ್ಳುವ ಆಸ್ಪತ್ರೆ ಬೇಕು, ಹುಬ್ಬಳ್ಳಿಗೋ ಮಂಗಳೂರಿಗೋ ಒಯ್ಯಿರಿ ಎಂದರು. ದೂರವಾಣಿಯಲ್ಲಿ ವಿಚಾರಿಸಿದಾಗ ತಿಳಿದ ಅಂದಾಜು, ನಾಲ್ಕು ದಿನಕ್ಕೆ 15ರಿಂದ 20 ಸಾವಿರ ರೂಪಾಯಿ. ಗಾಡಿಯ ಬಾಡಿಗೆ ಬೇರೆ. ಆ ಮನೆಯ ಯಜಮಾನರು ಸಾಮಾನು ಸಾಗಿಸುವ ರಿಕ್ಷಾ ಓಡಿಸುವವರು. ಮಳೆಗಾಲದಲ್ಲಿ ಇಡೀ ತಿಂಗಳು ದುಡಿದರೂ ಅಷ್ಟು ಕೈಗೆ ಬರುವುದಿಲ್ಲ.

ಅವರು ಹೋಗಲಿಲ್ಲ. ಕುಮಟೆಯಲ್ಲಿಯೇ ಮೂರು ದಿನ ಹಗಲು ಹೊತ್ತು ಗ್ಲೂಕೋಸ್ ಹಾಕಿಸಿ, ರಾತ್ರಿ ಮನೆಗೆ ತಂದು ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಟ್ಟರು. ಶುಕ್ರವಾರ ನಸುಕಿನಲ್ಲಿ ಮರಿಯು ಪ್ರಾಣ ಬಿಟ್ಟಿತು. ಮಗಳು ಎರಡು ದಿನ ತಾಯಿಯೊಡನೆ ಮಾತನಾಡಲಿಲ್ಲವಂತೆ. ಆ ತಾಯಿ ಕೇಳಿದ್ದು ಇಷ್ಟೇ: “ಗುರುಗಳೇ, ಸಾಲ ಮಾಡಿಯಾದರೂ ಕರೆದುಕೊಂಡು ಹೋಗಬೇಕಿತ್ತೇ? ನಾನೇ ಕೊಂದ ಹಾಗಾಯಿತೇ?”

ಇಲ್ಲವಮ್ಮಾ, ಎಂದು ಕೂಡಲೇ ಹೇಳಿದೆವು. ಆದರೆ ಹಾಗೆ ಹೇಳಿದ ಮೇಲೆ ಅದಕ್ಕೆ ಕಾರಣವನ್ನೂ ಹೇಳಬೇಕಾಗುತ್ತದೆ.

ಮೊದಲಿಗೆ, ಇಂತಹ ಮಾತು ಬಂದಾಗಲೆಲ್ಲ ಏಳುವ ಆಕ್ಷೇಪವೊಂದಿದೆ. ಮನುಷ್ಯರಿಗೇ ದೊಡ್ಡ ಆಸ್ಪತ್ರೆಯಿಲ್ಲವೆಂದು ಕೂಗಿದ ಜಿಲ್ಲೆ ಉತ್ತರ ಕನ್ನಡ. 2022ರ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್ ಗೇಟಿನಲ್ಲಿ ಮಳೆನೀರಿಗೆ ಜಾರಿ ಮಗುಚಿತು, ನಾಲ್ವರು ತೀರಿಕೊಂಡರು. ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆ ದಿನಗಳಲ್ಲಿ ಜಿಲ್ಲೆಯಾದ್ಯಂತ ಎದ್ದಿತು. ಇಂಥ ನೆಲದಲ್ಲಿ ಬೆಕ್ಕಿಗಾಗಿ 20 ಸಾವಿರದ ಮಾತೆತ್ತುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಗಮನಿಸಿರಿ: ಆಂಬುಲೆನ್ಸಿನಲ್ಲಿ ಹೊರಟವರಿಗೂ ರಿಕ್ಷಾದವರ ಮನೆಯ ಮರಿಗೂ ಎದುರಾದ ಕಷ್ಟ ಒಂದೇ ಜಾತಿಯದು. ದೂರವೇ ಆ ಕಷ್ಟ. ಮಿರ್ಜಾನದಿಂದ ಹುಬ್ಬಳ್ಳಿಗೆ ಅರಬೈಲು ಘಟ್ಟ ಹತ್ತಿ ಸುಮಾರು 150 ಕಿಲೋಮೀಟರು. ಮಂಗಳೂರು ಇನ್ನೂ ದೂರ. ಮನುಷ್ಯರಿಗೆ ದಯೆ ತೋರುವವರು ಬೆಕ್ಕಿಗೆ ತೋರಿದರೆ ಮೊದಲನೆಯದು ಕಡಿಮೆಯಾಗುತ್ತದೆಯೆಂಬುದು ಅನುಭವಕ್ಕೆ ಬರದ ಲೆಕ್ಕ. ಬಸವಣ್ಣನವರು ದಯೆಯನ್ನು ಧರ್ಮದ ಕೊಂಬೆಯಲ್ಲಿ ಅಲ್ಲ, ಬೇರಿನಲ್ಲಿಯೇ ಕಂಡವರು. ಬೇರಿಗೆ ಎರೆದ ನೀರನ್ನು ಇದು ಇಂಥ ಎಲೆಗೆ ಮಾತ್ರ ಎಂದು ಹಂಚಲಾದೀತೆ?

ಇನ್ನು ಖರ್ಚಿನ ವಿಚಾರ. ವೈದ್ಯರು ಸುಲಿಯುತ್ತಾರೆಂದು ದೂರುವುದು ಸುಲಭ. ಈ ರೋಗದ ನಡೆ ತಿಳಿದರೆ ಹಾಗೆನ್ನಲು ಮನಸ್ಸು ಬಾರದು. ಇದರ ವೈರಾಣುವನ್ನೇ ಕೊಲ್ಲುವ ಸಿದ್ಧ ಮದ್ದಿಲ್ಲ. ಅದು ಕರುಳಿನ ಒಳಪದರವನ್ನೂ ಬಿಳಿರಕ್ತಕಣಗಳನ್ನೂ ನಾಶಮಾಡುತ್ತದೆ. ವೈದ್ಯರು ಮಾಡಬಹುದಾದುದು, ಮರಿಯ ದೇಹ ತಾನೇ ಹೋರಾಡಿ ಗೆಲ್ಲುವವರೆಗೆ ಅದನ್ನು ಹಿಡಿದು ನಿಲ್ಲಿಸುವುದು: ಹಗಲಿರುಳು ಹನಿಹನಿಯಾಗಿ ದ್ರವ, ವಾಂತಿ ತಡೆಯುವ ಔಷಧ, ಬೇರೆ ಸೋಂಕು ತಗಲದಂತೆ ಆಂಟಿಬಯಾಟಿಕ್, ಬೇರೆ ಬೆಕ್ಕುಗಳಿಂದ ದೂರವಿರುವ ಪ್ರತ್ಯೇಕ ಕೋಣೆ, ರಾತ್ರಿಯಿಡೀ ಎಚ್ಚರವಿರುವ ಒಬ್ಬ ಮನುಷ್ಯ. ಇಷ್ಟೆಲ್ಲ ಮಾಡಿದರೂ ಸಾಯುವ ಮರಿಗಳು ಬಹಳ. ಆದುದರಿಂದ ಆ 20 ಸಾವಿರ ಪ್ರಾಣದ ಬೆಲೆಯಲ್ಲ. ಒಂದು ಅವಕಾಶದ ಬೆಲೆ. ಅವಕಾಶವನ್ನು ಕೊಳ್ಳಲು ಶಕ್ತಿಯಿದ್ದವನು ಕೊಳ್ಳಲಿ, ನಾವು ಮೆಚ್ಚುತ್ತೇವೆ. ಮಗಳ ಶಾಲೆಯ ಶುಲ್ಕವನ್ನೋ ಅತ್ತೆಯ ಸಕ್ಕರೆಕಾಯಿಲೆಯ ಮಾತ್ರೆಯನ್ನೋ ನಿಲ್ಲಿಸಿ ಬಡ್ಡಿಯ ಸಾಲ ತಂದು ಕೊಳ್ಳಬೇಕೆಂದು ಯಾವ ಧರ್ಮವೂ ವಿಧಿಸದು.

ಹಣವಿಲ್ಲವೆಂದು ವೈದ್ಯರೆದುರು ಹೇಳಲು ನಮ್ಮವರು ನಾಚುತ್ತಾರೆ. ನಾಚಿಕೆಯಿಂದಲೇ ಎಷ್ಟೋ ಮಂದಿ ಆಸ್ಪತ್ರೆಯ ಕಡೆಗೇ ಹೋಗುವುದಿಲ್ಲ. ಬಾಯಿ ಬಿಟ್ಟು ಕೇಳಬೇಕು: ಬದುಕುವ ಸಂಭವವೆಷ್ಟು, ನನ್ನ ಕೈಯಲ್ಲಿರುವುದು ಇಷ್ಟು, ಇದರೊಳಗೆ ಏನು ಮಾಡಬಹುದು ಎಂದು. ಮಿರ್ಜಾನದ ತಾಯಿ ಹಾಗೆ ಕೇಳಿದ್ದರಿಂದಲೇ ಕುಮಟೆಯ ಮೂರು ದಿನದ ಉಪಚಾರ ಸಾಧ್ಯವಾಯಿತು. ಅದನ್ನು ಅವರು ತಮ್ಮ ಸೋಲೆಂದು ತಿಳಿದಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ.

ತಪ್ಪು ಬೇರೆಡೆ ಇದೆ. ಕಾಯಿಲೆಯ ಮರಿಯನ್ನು ಗೋಣಿಚೀಲದಲ್ಲಿ ಕಟ್ಟಿ ಮೀನುಮಾರುಕಟ್ಟೆಯ ಬಳಿಯೋ ಕೋಟೆಯ ಪೌಳಿಯ ಬದಿಯಲ್ಲೋ ಬಿಟ್ಟುಬರುವುದು ತಪ್ಪು. 1960ರ ಪ್ರಾಣಿಹಿಂಸಾ ತಡೆ ಕಾಯ್ದೆಯ 11ನೆಯ ಕಲಮು ಇದನ್ನು ಅಪರಾಧವೆನ್ನುತ್ತದೆ. ಮೊದಲ ಸಲಕ್ಕೆ ಆ ಕಾಯ್ದೆ ಬರೆದ ದಂಡ 10ರಿಂದ 50 ರೂಪಾಯಿ. ಅದನ್ನು ಓದಿ ನಗಬೇಕೋ ಅಳಬೇಕೋ ತಿಳಿಯದು. ತಿಳಿಯದೆ ಮಾಡುವ ಇನ್ನೊಂದು ತಪ್ಪು, ಮನೆಯಲ್ಲಿರುವ ಜ್ವರದ ಮಾತ್ರೆ ಅರ್ಧ ಮುರಿದು ಕೊಡುವುದು. ಮನುಷ್ಯರಿಗೆ ನಿರಪಾಯವಾದ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದರ ಯಕೃತ್ತಿಗೆ ಈ ಔಷಧವನ್ನು ಕರಗಿಸುವ ಬಲವಿಲ್ಲ. ಅರ್ಧ ಮಾತ್ರೆಯೇ ಕೊಲ್ಲಬಲ್ಲದು. ಈ ಮನೆಯಲ್ಲಿಯೂ ನೆರೆಯವರು ಅದನ್ನೇ ಹೇಳಿದ್ದರಂತೆ. ಔಷಧದಂಗಡಿಯವರು ಬೇಡವೆಂದುದರಿಂದ ತಪ್ಪಿತು.

ಉಳಿಯದೆಂದು ಖಚಿತವಾಗಿ, ನೋವು ಮಾತ್ರ ಉಳಿದಾಗ ಏನು ಮಾಡಬೇಕು? 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ವಾಸಿಯಾಗದ ಬೇನೆಯಿಂದ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿಯವರು ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಪ್ರಾಣ ಬಿಡಿಸಿದರು. ದೇಶದ ಮೂಲೆಮೂಲೆಯಿಂದ ಸಿಟ್ಟಿನ ಪತ್ರಗಳು ಬಂದವು. ಅವರು ತಮ್ಮ ಪತ್ರಿಕೆಯಲ್ಲಿಯೇ ಉತ್ತರಿಸಿ, ಮಾಡಿದುದು ಅಹಿಂಸೆಯೇ ಎಂದು ನಿಂತರು. ಅಲ್ಲಿ ಕಾರಣವಾದುದು ನೋವು, ಹಣವಲ್ಲ. ಬಡವರ ಮನೆಯಲ್ಲಿ ಇವೆರಡೂ ಬೆರೆತುಹೋಗುತ್ತವೆ. ಆ ಬೆರಕೆಯನ್ನು ಮರೆಮಾಚದೆ ವೈದ್ಯರೊಡನೆ ಮಾತನಾಡಿದರೆ ಸಾಕು. ಈ ವಿಷಯದಲ್ಲಿ ನಮ್ಮ ಹಿರಿಯರಲ್ಲಿ ಭಿನ್ನಾಭಿಪ್ರಾಯವಿದೆ, ಇರಲಿ.

ಬೆಕ್ಕು ಮನೆಯಲ್ಲಿ ಸುಮ್ಮನೆ ಉಣ್ಣುವುದಿಲ್ಲ. ಅಘನಾಶಿನಿಯ ದಡದ ಊರುಗಳಲ್ಲಿ ಭತ್ತದ ಕಣಜ, ತೆಂಗಿನಕಾಯಿಯ ಅಟ್ಟ ಇದ್ದಲ್ಲೆಲ್ಲ ಇಲಿಗಳುಂಟು. ಮಳೆಗಾಲದಲ್ಲಿ ಇಲಿಜ್ವರದ ಭಯವೂ ಉಂಟು. ಅದು ತನ್ನ ಕಾಯಕ ಮಾಡುತ್ತದೆ. ಕಾಯಕ ಮಾಡಿದವರ ಕಷ್ಟಕಾಲಕ್ಕೆ ದಾಸೋಹದ ಪಾಲೊಂದು ಬೇಡವೇ? ಗೋಶಾಲೆಗೆ ಕೈಯೆತ್ತಿ ಕೊಡುವ ಊರುಗಳು ನಮ್ಮಲ್ಲಿ ಹಲವು. 1962 ಸಂಖ್ಯೆಗೆ ಕರೆದರೆ ಬರುವ ಸಂಚಾರಿ ಪಶುಚಿಕಿತ್ಸಾ ವಾಹನದ ಯೋಜನೆಯೂ ಜಾನುವಾರುಗಳನ್ನು ಮುಂದಿಟ್ಟುಕೊಂಡೇ ರೂಪುಗೊಂಡದ್ದು. ಊರಿನ ಹತ್ತಿಪ್ಪತ್ತು ಮನೆಯವರು ತಿಂಗಳಿಗೆ 20 ರೂಪಾಯಿ ಒಂದು ಡಬ್ಬಿಗೆ ಹಾಕಿದರೆ ಒಳರೋಗಿಯ ಖರ್ಚು ತುಂಬದು, ನಿಜ. ಮರಿಗಳ ಲಸಿಕೆಗೆ ಸಾಕಾದೀತು. ಆರರಿಂದ ಎಂಟನೆಯ ವಾರಕ್ಕೆ ಮೊದಲ ಚುಚ್ಚು, ಆಮೇಲೆ ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ. ಆಸ್ಪತ್ರೆಯ ಒಂದು ದಿನದ ಖರ್ಚಿಗೂ ಲಸಿಕೆಯ ಒಂದು ಚುಚ್ಚಿಗೂ ಹೋಲಿಕೆಯೇ ಇಲ್ಲ.

ಆ ಮಗಳು ಈಗ ಇನ್ನೊಂದು ಮರಿ ಬೇಕೆಂದು ಹಟ ಹಿಡಿದಿದ್ದಾಳೆ. ಈ ವೈರಾಣು ಮನೆಯ ನೆಲದಲ್ಲಿ, ಗೋಣಿತಾಟಿನಲ್ಲಿ ವರ್ಷದವರೆಗೂ ಉಳಿಯಬಲ್ಲದೆಂದು ವೈದ್ಯರು ಹೇಳಿದ್ದಾರೆ. ತಾಯಿಯು ಹಳೆಯ ತಾಟನ್ನು ಸುಟ್ಟು, ನೆಲವನ್ನು ಬ್ಲೀಚಿಂಗ್ ನೀರಿನಿಂದ ಎರಡು ಸಲ ಒರೆಸಿದ್ದಾರೆ. ಗೋಕರ್ಣದ ಕಡೆಯ ಸಂಬಂಧಿಕರ ಮನೆಯಲ್ಲಿ ಮರಿಗಳಿವೆಯಂತೆ. ಲಸಿಕೆಗಳೆಲ್ಲ ಅಲ್ಲಿಯೇ ಮುಗಿಯಲಿ, ಆಮೇಲೆ ತರೋಣ ಎಂದು ಮಗಳನ್ನು ಒಪ್ಪಿಸಿದ್ದಾರೆ.